ಮಗ್ಗ ನಿಂತಾಗ ಕೇಳಿದ ದನಿ

ಬಿಸಿಲು ಏರುತ್ತಿದ್ದ ಒಂದು ಮುಂಜಾನೆ ವ್ಯಾಪಾರಿಯ ಅಂಗಡಿಯಿಂದ ನಮ್ಮಪ್ಪನಿಗೆ ಸೀರೆಗಳು ಹಿಂದಿರುಗಿ ಬಂದವು. ಬಣ್ಣ ಬಿಟ್ಟಿರಲಿಲ್ಲ, ದಡಿ ಸೊಟ್ಟಗಿರಲಿಲ್ಲ. ಸೀರೆಯಲ್ಲಿ ಕೂದಲು ಬಂದಿತ್ತು. ಮೇಲೆ ಅಂಟಿಕೊಂಡ ಕೂದಲಾಗಿದ್ದರೆ ಜಾಡಿಸಿ ಮಡಚಿ ಇಡಬಹುದಿತ್ತು. ಇದು ನೂಲಿನ ಜೊತೆಗೇ ನೇಯ್ದುಹೋಗಿತ್ತು. ಉದ್ದನೆಯ ಕೂದಲು, ಅರ್ಧ ಕಪ್ಪು, ಅರ್ಧ ನರೆ. ಹಿಡಿದು ಎಳೆದರೆ ಸೀರೆಯೇ ಸುಕ್ಕುಗಟ್ಟುತ್ತಿತ್ತು.

"ಇದನ್ನ ಯಾರ್ ಉಡ್ತಾರ್ರಿ? ಅಪಶಕುನ ಅಂತಾರ ಮಂದಿ" ಎಂದು ವ್ಯಾಪಾರಿ ಹೇಳಿಕಳಿಸಿದ್ದ.

ಅಪ್ಪ ಅವ್ವನ ಕಡೆ ನೋಡಿದ. ನಮ್ಮ ಮನೆಯಲ್ಲಿ ಕಂಡಿಕೆ ಸುತ್ತುವವಳು ಅವಳೇ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಉರುಳೆಗೆ ಕಂಡಿಕೆ ಎನ್ನುತ್ತೇವೆ. ಸುತ್ತುವವಳ ತಲೆಯಿಂದ ಕೂದಲು ಉದುರಿ ನೂಲಿನೊಂದಿಗೆ ಕಂಡಿಕೆಗೆ ಹೋದರೆ, ಲಾಳಿ ಅದನ್ನೂ ಒಯ್ದು ಸೀರೆಯಲ್ಲಿ ಕೂಡಿಸಿಬಿಡುತ್ತದೆ. ಮಗ್ಗಕ್ಕೇನು ಗೊತ್ತು, ಯಾವುದು ನೂಲು, ಯಾವುದು ಕೂದಲು?

"ತಲಿ ಗಟ್ಟಿಯಾಗಿ ಕಟ್ಕೊಂಡು ಕೂಡಾಕ ಬರೂದಿಲ್ಲೇನು?" ಎಂದು ಅಪ್ಪ ಕೈಸನ್ನೆಯಲ್ಲೇ ಬೈದ. ಅವ್ವ ಸೆರಗನ್ನು ತಲೆಗೆ ಬಿಗಿದು ಸುತ್ತಿಕೊಂಡು ಮತ್ತೆ ಕೆಲಸಕ್ಕೆ ಕೂತಳು. ಅಷ್ಟೊಂದು ಕೂದಲು ಏಕೆ ಉದುರುತ್ತಿದೆ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಕೈಸನ್ನೆ ಎಂದೆನಲ್ಲ, ಅದನ್ನು ಹೇಳಬೇಕು. ಬನಹಟ್ಟಿಯ ನಮ್ಮ ಓಣಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ವಿದ್ಯುತ್ ಮಗ್ಗಗಳು ಶುರುವಾದರೆ, ಮಗ್ಗುಲಲ್ಲಿ ಕೂತವರ ಮಾತೂ ಕೇಳುವುದಿಲ್ಲ. ನನ್ನ ತವರು ಮತ್ತು ಗಂಡನ ಮನೆ ಎದುರುಬದುರು. ಎರಡೂ ಮನೆಗಳಲ್ಲಿ ಮುಂದೆ ಮಗ್ಗ, ಹಿಂದೆ ಅಡಿಗೆಮನೆ. ಹೀಗಾಗಿ ನಾವು ತುಟಿ ನೋಡಿ, ಬೆರಳು ನೋಡಿ ಮಾತಾಡುತ್ತೇವೆ. ಎರಡು ಬೆರಳು ಜೋಡಿಸಿ ಬಿಡಿಸಿದರೆ ಎಳೆ ಹರಿದಿದೆ ಎಂದರ್ಥ. ಅಂಗೈ ಅಡ್ಡ ಹಿಡಿದರೆ ಮಗ್ಗ ನಿಲ್ಲಿಸು ಎಂದರ್ಥ. ಉಣ್ಣಲು ಕರೆಯುವುದು, ಬೈಯುವುದು, ರಮಿಸುವುದು, ಎಲ್ಲವೂ ಹೀಗೇ ನಡೆಯುತ್ತದೆ. ಬೇರೆ ಊರಿನಿಂದ ಬಂದ ಸೊಸೆಯಂದಿರಿಗೆ ಮೊದಲು ತಲೆ ಕೆಡುತ್ತದೆ, ಆಮೇಲೆ ಅವರೇ ನಮಗಿಂತ ಚುರುಕಾಗುತ್ತಾರೆ. ಈ ಜಾಣತನದ ಮೇಲೆ ನಮಗೆಲ್ಲ ಬಹಳ ಹೆಮ್ಮೆಯಿತ್ತು.

ಆ ವರ್ಷ ಅವ್ವ ಸುಡು ಬೇಸಿಗೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಳು. ಮಗ್ಗದ ಕಾವಿಗೆ ಅಪ್ಪ ಬನಿಯನ್ ಕೂಡ ತೆಗೆದಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದರೆ, ಅವಳು ಕಾಲಿಗೆ ಹಳೆಯ ಕೌದಿ ಸುತ್ತಿಕೊಂಡಿರುತ್ತಿದ್ದಳು. ಬಳೆಗಾರ ಬಂದ ದಿನ ಅವಳ ಕೈಗೆ ಮೊದಲಿನ ಅಳತೆಯ ಬಳೆ ಏರಲೇ ಇಲ್ಲ. ಒತ್ತಿದರೆ ಒಡೆದವು. ಅವ್ವ ಪೆಚ್ಚಾದಳು. ಬಳೆಗಾರ ನಕ್ಕು, "ಮೈಗಿ ಹತ್ತೇತಿ ಬಿಡ್ರಿ ಅಕ್ಕಾರ" ಎಂದು ದೊಡ್ಡ ಅಳತೆಯ ಬಳೆ ತೆಗೆದ. ಅದು ದಪ್ಪವಾದ ಕೈ ಅಲ್ಲ, ಬಾತ ಕೈ. ಮುಖವೂ ಹಾಗೇ ಇತ್ತು, ಕಣ್ಣಿನ ಕೆಳಗೆ ನೀರು ತುಂಬಿದಂತೆ. ಅಪ್ಪನನ್ನು ಕೇಳಿದರೆ "ವಯಸ್ಸಾತು" ಎಂದ. ಅವಳಿಗಿಂತ ಹಿರಿಯನಾದ ಅವನಿಗೆ ಮಾತ್ರ ವಯಸ್ಸಾಗಿರಲಿಲ್ಲ!

ಒಂದು ಮಧ್ಯಾಹ್ನ ನಾನು ತವರಿನ ಅಂಗಳದಲ್ಲಿ ಇದ್ದಾಗ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಮೌನದಲ್ಲಿ ಅಡಿಗೆಮನೆಯ ಕಡೆಯಿಂದ ದಪ್ಪನೆಯ ಒಡಕು ದನಿಯೊಂದು ಎಳೆದೆಳೆದು ಕೇಳಿತು.

"ಕರೆಂಟ್... ಹೋತೇನ?"

ಯಾರೋ ಗಂಡಸು ಒಳಗೆ ಹೊಕ್ಕಿದ್ದಾನೆ ಎಂದುಕೊಂಡೆ. ಓಡಿಹೋಗಿ ನೋಡಿದರೆ ಅಲ್ಲಿ ಅವ್ವನ ಹೊರತು ಯಾರೂ ಇರಲಿಲ್ಲ.

"ಯವ್ವಾ, ನಿನ್ನ ದನಿ ಏನಾಗೇತಿ?" ಎಂದೆ.

"ಏನಾಗೇತಿ?" ಎಂದಳು ಅವಳು, ಅದೇ ಗಂಡುದನಿಯಲ್ಲಿ. ಅವಳಿಗೂ ಗೊತ್ತಿರಲಿಲ್ಲ. ಎಷ್ಟೋ ತಿಂಗಳಿಂದ ಅವ್ವನ ದನಿ ಸ್ವಲ್ಪ ಸ್ವಲ್ಪವಾಗಿ ಸಾಯುತ್ತಿತ್ತು, ಮತ್ತು ನಾವೆಲ್ಲ ಅವಳ ತುಟಿ ನೋಡಿ ಹೂಂ ಅನ್ನುತ್ತಿದ್ದೆವು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಬಂತು. ಅವ್ವ ಕೈಬಿಟ್ಟು ಹೋಗುತ್ತಾಳೆ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆಗಲೇ.

ಜಮಖಂಡಿಯ ಲೇಡಿ ಡಾಕ್ಟರ್ ಒಬ್ಬರು ಅವ್ವನ ಕೊರಳು ಮುಟ್ಟಿ, ಉಗುಳು ನುಂಗಲು ಹೇಳಿ, ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಗ್ರಂಥಿ ಕೆಲಸ ಬಿಡುತ್ತಿದೆ ಎಂದರು. ಕೊರಳಿನ ಆ ಸಣ್ಣ ಗ್ರಂಥಿ ಸೋತರೆ ಮೈಯೆಲ್ಲ ನಿಧಾನವಾಗುತ್ತದಂತೆ. ಎದೆಬಡಿತ, ಜೀರ್ಣಕ್ರಿಯೆ, ಮಾತು, ಯೋಚನೆ, ಮೈಕಾವು, ಎಲ್ಲವೂ.

"ಇದು ಯಾಕ ಬರ್ತೈತ್ರಿ?" ಎಂದು ನಾನು ಕೇಳಿದೆ.

"ಭಾಳ ಮಂದ್ಯಾಗ ಅವರ ಮೈ ಕಾಯೋ ಶಕ್ತೀನ ಅವರ ಗ್ರಂಥಿನ್ನ ವೈರಿ ಅಂತ ತಿಳದು ತಿನ್ನಾಕ ಹತ್ತತೈತಿ. ಕೆಲವರಿಗೆ ಅಯೋಡಿನ್ ಕಡಿಮಿ ಬಿದ್ದು ಬರ್ತೈತಿ, ಕೆಲವರಿಗೆ ಹೆಚ್ಚಾಗಿ ಬರ್ತೈತಿ. ಹೆಣ್ಮಕ್ಕಳಿಗೇ ಜಾಸ್ತಿ. ಮನಿತನದಾಗ ಹರಕೊಂಡು ಬರೂದೂ ಉಂಟು." ಇಷ್ಟು ಹೇಳಿ ಅವರು ನನ್ನ ಕೊರಳನ್ನು ಒಮ್ಮೆ ನೋಡಿದರು. "ನೀವು ಮಗಳಲ್ರಿ? ನಿಮ್ಮ ರಕ್ತಾನೂ ತಪಾಸ ಮಾಡಿಸ್ರಿ."

ಮಾಡಿಸಿದೆ. ಏನೂ ಇರಲಿಲ್ಲ. "ಈಗ ಇಲ್ಲ. ಮುಂದ ಬರೂದ ಇಲ್ಲ ಅಂತ ತಿಳಕೋಬ್ಯಾಡ್ರಿ, ಆಗಾಗ ತೋರಸ್ರಿ" ಎಂದರು. ಆ ಮಾತು ಒಳಗೆ ಎಲ್ಲೋ ಮುಳ್ಳಿನಂತೆ ಉಳಿಯಿತು.

ಅವ್ವನಿಗೆ ಸಣ್ಣದೊಂದು ಗುಳಿಗೆ ಕೊಟ್ಟರು. ದಿನಾ ಮುಂಜಾನೆ ಬರೀ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಅವ್ವ ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಮಳೆಗಾಲ ಬಂದರೂ ಸ್ವೆಟರ್ ಇಳಿಯಲಿಲ್ಲ, ಹಬ್ಬಗಳು ಬಂದರೂ ದನಿ ಏರಲಿಲ್ಲ. ಡಾಕ್ಟರ್ ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ಅದೂ ನಾಟಲಿಲ್ಲ. ಅವ್ವ ಮಾತು ಶುರು ಮಾಡಿ ನಡುವೆಯೇ ಮರೆತು ಕೂರುತ್ತಿದ್ದಳು. ತಿಂಗಳು ಕಳೆದಂತೆ ಆ ಮನೆಯೊಳಗೆ ಏನೋ ಒಂದು ಬಂದು ಕೂತಿದೆ, ಅವಸರವೇ ಇಲ್ಲದೆ ಕಾಯುತ್ತಿದೆ ಎಂದು ನನಗೆ ಅನ್ನಿಸತೊಡಗಿತು.

ಗುಳಿಗೆ ನಾಟುವುದಿಲ್ಲ ಎಂಬ ಸುದ್ದಿ ಹಬ್ಬಿದ ಮೇಲೆ ಕೇಳಬೇಕೆ, ಮೊಬೈಲಿಗೆ ದಿನಕ್ಕೊಂದು ಔಷಧ ಬರತೊಡಗಿತು. ಕೊತ್ತಂಬರಿ ಬೀಜದ ನೀರು ಕುಡಿಯಿರಿ, ಕೋಸು ಮನೆಯೊಳಗೇ ತರಬೇಡಿ, ಪಾಕೀಟಿನ ಉಪ್ಪು ಬಿಟ್ಟು ಹರಳುಪ್ಪು ತಿನ್ನಿರಿ. ದೀಪಾವಳಿಗೆ ಮುಧೋಳದಿಂದ ನಮ್ಮ ದೊಡ್ಡವ್ವ, ಅವ್ವನ ಖಾಸಾ ಅಕ್ಕ, ಒಂದು ಡಬ್ಬಿ ಪುಡಿ ತಂದಳು. ಹಸಿರುಗಪ್ಪು ಬಣ್ಣ, ಮೂಗಿಗೆ ಹಿಡಿದರೆ ಮೀನಿನ ವಾಸನೆ. ಸಮುದ್ರದ ಪಾಚಿಯಿಂದ ಮಾಡಿದ್ದಂತೆ. ಸಂತೆಯಲ್ಲಿ ಯಾರೋ ಕೊಟ್ಟದ್ದು.

"ನಿಸರ್ಗದ್ದು ಐತಿ, ಏನೂ ಆಗಾಂಗಿಲ್ಲ. ಆ ಇಂಗ್ಲಿಷ್ ಗುಳಗಿ ಮೊದಲ ಒಗಿ" ಎಂದಳು ದೊಡ್ಡವ್ವ.

"ಡಾಕ್ಟರನ್ನ ಕೇಳದ ಬಿಡಬ್ಯಾಡ ಯವ್ವಾ" ಎಂದೆ ನಾನು.

"ನೀ ಹುಟ್ಟೂಕಿಂತ ಮೊದಲಿಂದ ನನ್ನ ತಂಗಿ ಆಕಿ" ಎಂದು ದೊಡ್ಡವ್ವ ನನ್ನ ಬಾಯಿ ಮುಚ್ಚಿಸಿದಳು. ಅವ್ವ ಇಬ್ಬರ ಮುಖವನ್ನೂ ನೋಡಿ, ಅಕ್ಕನ ಡಬ್ಬಿಯನ್ನು ಗೋಡೆಯ ಮಾಡದಲ್ಲಿ ಇಟ್ಟುಕೊಂಡಳು. ಪ್ರೀತಿಯಿಂದ ತಂದದ್ದನ್ನು ಬೇಡ ಅನ್ನುವುದು ಅವಳಿಗೆ ಎಂದೂ ಬರಲಿಲ್ಲ. ದೊಡ್ಡವ್ವನ ಪ್ರೀತಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಚಳಿ ಬಿತ್ತು. ಒಂದು ದಿನ ನಾನು ಬಿಸಿ ಸಜ್ಜೆರೊಟ್ಟಿ, ಬೆಣ್ಣೆ ಕಟ್ಟಿಕೊಂಡು ಎದುರು ಮನೆಗೆ ಹೋದೆ. ಮುಂದೆ ಅಪ್ಪ ಮಗ್ಗ ನೋಡಿಕೊಳ್ಳುತ್ತ ನಿಂತಿದ್ದ. ಒಳಗೆ ಕಂಡಿಕೆ ಸುತ್ತುವ ಯಂತ್ರ ತಿರುಗುತ್ತಿತ್ತು. ಕಂಡಿಕೆ ತುಂಬಿ, ಊದಿ, ನೂಲು ಹೊರಗೆ ಚೆಲ್ಲಿ ನೆಲದ ಮೇಲೆ ರಾಶಿಯಾಗಿತ್ತು. ಅವ್ವ ಗೋಡೆಗೆ ಒರಗಿದ್ದಳು. ನೂಲು ಅವಳ ಬೆರಳಿಗೂ ಸುತ್ತಿಕೊಂಡಿತ್ತು. ಕಣ್ಣುಗಳು ಅರ್ಧ ತೆರೆದಿದ್ದವು.

ಕರೆದೆ. ಅಲುಗಾಡಿಸಿದೆ. ಕೆನ್ನೆ ಮುಟ್ಟಿದರೆ ಮಣ್ಣಿನ ಹರವಿಯ ನೀರಿನಷ್ಟು ತಣ್ಣಗಿತ್ತು. ನಾನು ಚೀರಿದೆ. ಅಪ್ಪನಿಗೆ ಕೇಳಲಿಲ್ಲ. ಮತ್ತೆ ಚೀರಿದೆ, ಆಗಲೂ ಕೇಳಲಿಲ್ಲ. ಕೊನೆಗೆ ಓಡಿಹೋಗಿ ಅವನ ಕಣ್ಣೆದುರು ಅಂಗೈ ಅಡ್ಡ ಹಿಡಿದೆ. ಮಗ್ಗ ನಿಲ್ಲಿಸು.

ಜಮಖಂಡಿಗೆ ಹೋಗುವ ದಾರಿಯ ತುಂಬ ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದ್ದವು. ಅವ್ವನ ತಲೆ ನನ್ನ ತೊಡೆಯ ಮೇಲಿತ್ತು. ಅವಳ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು ಆಗುತ್ತಿತ್ತು. ಪ್ರತಿಸಲ ಇದೇ ಕೊನೆಯದು ಎಂದುಕೊಳ್ಳುತ್ತಿದ್ದೆ. ಅಪ್ಪ ಅವಳ ಕಾಲು ತಿಕ್ಕುತ್ತ ಚಿಕ್ಕ ಮಕ್ಕಳ ಹಾಗೆ ಅಳುತ್ತಿದ್ದ. "ನಿದ್ದಿ ಹತ್ತೇತಿ ಅಂತ ಮಾಡಿದ್ನಿ" ಎಂಬ ಒಂದೇ ಮಾತು ಅವನ ಬಾಯಲ್ಲಿ.

ಅವ್ವ ಉಳಿದಳು. ಸುಲಭವಾಗಿ ಏನೂ ಅಲ್ಲ, ಬಹಳ ದಿನ ತೀವ್ರ ನಿಗಾದ ಕೋಣೆಯಲ್ಲಿದ್ದು ಉಳಿದಳು. ಡಾಕ್ಟರ್ ಪಾಚಿಪುಡಿಯ ಸಂಗತಿ ಕೇಳಿ ತಲೆ ಚಚ್ಚಿಕೊಂಡರು. ಸೋತ ಗ್ರಂಥಿಗೆ ಅಷ್ಟು ಅಯೋಡಿನ್ ಸುರಿದರೆ ಅದು ಇನ್ನಷ್ಟು ಸೋಲುತ್ತದಂತೆ, ಅದರ ಮೇಲೆ ಅಕ್ಕನ ಮಾತು ಕೇಳಿ ಅವ್ವ ಗುಳಿಗೆ ಬೇರೆ ಬಿಟ್ಟಿದ್ದಳು. ಆದರೆ ಅದಕ್ಕೂ ಮೊದಲೇ ಗುಳಿಗೆ ಯಾಕೆ ನಾಟಲಿಲ್ಲ ಎಂಬುದು ಅವರಿಗೆ ಬಗೆಹರಿಯಲಿಲ್ಲ.

"ಮುಂಜಾನೆ ಎದ್ದು ಏನೇನ್ ಮಾಡ್ತೀರಿ, ಒಂದೊಂದ ಹೇಳ್ರಿ ಅಮ್ಮಾರ" ಎಂದರು.

ಅವ್ವ ನಿಧಾನವಾಗಿ ಹೇಳಿದಳು. ಕಸ, ಅಂಗಳ, ನೀರು, ಜಳಕ, ಆಮೇಲೆ ಲಿಂಗಪೂಜೆ. ನಮ್ಮದು ಲಿಂಗ ಕಟ್ಟಿದ ಮನೆತನ, ಪೂಜೆ ಆಗುವ ತನಕ ಅವಳು ಬಾಯಿಗೆ ಹನಿ ನೀರು ಹಾಕಿದವಳಲ್ಲ. ಪೂಜೆ ಮುಗಿಯುವ ಹೊತ್ತಿಗೆ ಮಗ್ಗ ಶುರು, ಕಂಡಿಕೆಗೆ ಅವಸರ. ಆಗ ಒಲೆಯ ಮೇಲಿನ ಗಟ್ಟಿ ಹಾಲಿನ ಚಹಾ, ಅದರ ಗುಟುಕಿನಲ್ಲೇ ಗುಳಿಗೆ.

"ಚಾದ ಕೂಡ? ಬರೀ ಹೊಟ್ಟಿಲೆ ಅಂದಿದ್ನೆಲ್ರಿ!"

"ಬರೀ ಹೊಟ್ಟೀನ ಇತ್ತಲ್ರಿ. ಚಾ ಅಂದ್ರ ಊಟೇನ್ರಿ?"

ಹಾಲು ಸೇರಿದ ಚಹಾ ಗುಳಿಗೆಯನ್ನು ಮೈಗೆ ಹತ್ತಗೊಡುವುದಿಲ್ಲ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಅಷ್ಟು ತಿಂಗಳು ಅವ್ವ ಔಷಧವನ್ನು ನಿಷ್ಠೆಯಿಂದ ನುಂಗಿದ್ದಳು, ಅದರಲ್ಲಿ ಹೆಚ್ಚಿನ ಪಾಲು ಅವಳಿಗೆ ಮುಟ್ಟಿರಲೇ ಇಲ್ಲ. ಪೂಜೆ ಬಿಡಲು ಹೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಅದಕ್ಕೆ ದಾರಿಯನ್ನು ಅವ್ವನೇ ಹುಡುಕಿದಳು. ಈಗ ಅವಳು ಎದ್ದವಳೇ ಕಸಕ್ಕೂ ಮೊದಲು ಜಳಕ ಮಾಡಿ ಪೂಜೆಗೆ ಕೂರುತ್ತಾಳೆ, ತೀರ್ಥದ ಜೊತೆ ಗುಳಿಗೆ ನುಂಗಿ ಮೇಲೊಂದು ಲೋಟ ನೀರು ಕುಡಿಯುತ್ತಾಳೆ, ತಾಸು ಹೊತ್ತು ಬಿಟ್ಟು ಚಹಾ. ಶಿವನ ಅಭ್ಯಂತರವೇನೂ ಕಂಡಿಲ್ಲ.

ನೈಸರ್ಗಿಕವಾಗಿ ಏನು ಮಾಡಬಹುದು ಎಂದೂ ಡಾಕ್ಟರನ್ನು ಕೇಳಿದ್ದೆ, ಆ ಶಬ್ದದ ಮೇಲೆ ಸಿಟ್ಟಿದ್ದರೂ. ಅವರು ಹೇಳಿದ್ದು ಬಹಳ ಸಪ್ಪೆಯಾಗಿತ್ತು. ಅಯೋಡಿನ್ ಇರುವ ಉಪ್ಪನ್ನೇ ಹದವಾಗಿ ತಿನ್ನಿ, ಡಬ್ಬಿಯ ಬಾಯಿ ಮುಚ್ಚಿಡಿ. ಕೋಸು ಬೇಯಿಸಿ ತಿಂದರೆ ಭಯವಿಲ್ಲ. ಸಜ್ಜೆಯೇ ಮೂರು ಹೊತ್ತು ಬೇಡ, ಜೋಳ, ಬೇಳೆ, ಕಾಳು, ಮೊಸರು ಎಲ್ಲವೂ ಇರಲಿ. ಸಂಜೆ ನಡೆಯಿರಿ, ಸಾಕಷ್ಟು ನಿದ್ದೆ ಮಾಡಿ. ಇವೆಲ್ಲ ಗುಳಿಗೆಯ ಸಂಗಡ ಇರಬೇಕು, ಗುಳಿಗೆಯ ಬದಲಿಗೆ ಅಲ್ಲ. ದೊಡ್ಡವ್ವ ಇದನ್ನು ಕೇಳಿ "ಇಷ್ಟನ?" ಎಂದು ಮೂಗು ಮುರಿದಳು.

ಬೇಸಿಗೆ ಬರುವಷ್ಟರಲ್ಲಿ ಸ್ವೆಟರ್ ಪೆಟ್ಟಿಗೆ ಸೇರಿತ್ತು. ಮತ್ತೊಂದು ವರ್ಷದ ಹೊತ್ತಿಗೆ ಅವ್ವ ಮೊದಲಿನವಳೇ ಆಗಿದ್ದಳು. ಬಳೆ ಸಡಿಲಾದವು, ಸೀರೆಗಳು ತಿರುಗಿ ಬರುವುದು ನಿಂತಿತು.

ಮೊನ್ನೆ, ಈ ಬೇಸಿಗೆಯಲ್ಲೇ, ಮಧ್ಯಾಹ್ನ ಕರೆಂಟ್ ಹೋಯಿತು. ನಾನು ತವರಿನ ಅಂಗಳದಲ್ಲಿದ್ದೆ. ಈಚೆಗೆ ಬಹಳ ದಣಿವು, ಬಿಸಿಲಿಗೆ ಇರಬೇಕು ಎಂದುಕೊಂಡಿದ್ದೆ. ನನ್ನ ಮಗಳು ಮಾಳಿಗೆಯ ಮೇಲೆ ಆಡುತ್ತಿದ್ದಳು.

"ಕೂಸ, ಕೆಳಗ ಬಾ" ಎಂದು ಕೂಗಿದೆ.

"ಬಂದ್ನಿ ಆಯೀ" ಎಂದಿತು ಕೂಸು. ಓಡುತ್ತ ಇಳಿದು, ನನ್ನನ್ನು ದಾಟಿ, ಒಳಗೆ ತಾನು ಆಯಿ ಎನ್ನುವ ಅಜ್ಜಿಯ ಮುಂದೆ ಹೋಗಿ ನಿಂತಿತು. "ಯಾಕ ಕರದಿ ಆಯಿ?"

"ನಾ ಎಲ್ಲಿ ಕರದ್ನಿ? ನಿಮ್ಮವ್ವ ಕರದ್ಲು" ಎಂದಳು ಅವ್ವ, ತಿಳಿಯಾದ ದನಿಯಲ್ಲಿ.

"ಸುಳ್ಳ ಹೇಳಬ್ಯಾಡ. ನಿನ್ನ ದನೀನ ಅದು. ನಿನಗ ಆರಾಮ ಇಲ್ಲದಾಗ ಇತ್ತಲ್ಲ, ಆ ದನಿ."

ನಾನು ಬಾಗಿಲಲ್ಲಿ ನಿಂತಿದ್ದೆ. ಅವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಮುಖ ನೋಡಿದಳು, ಕೈಬಳೆ ನೋಡಿದಳು, ಆಮೇಲೆ ಕೊರಳು. ಇಡೀ ಓಣಿ ಸುಮ್ಮನಿತ್ತು, ಪಿಸುಗುಟ್ಟಿದರೂ ಕೇಳುತ್ತಿತ್ತು. ಆದರೂ ಕೂಸಿನ ಮುಂದೆ ಅವಳು ಬಾಯಿ ಬಿಡಲಿಲ್ಲ. ಎರಡು ಬೆರಳು ಜೋಡಿಸಿ, ಬಿಡಿಸಿ ತೋರಿಸಿದಳು. ಎಳೆ ಹರಿದಿದೆ.