ಒಳ್ಳೆಯ ದಿನದ ಆಪರೇಷನ್

ಅರಿವಳಿಕೆ ಕೊಡುವ ಡಾಕ್ಟರನ್ನು ರೋಗಿಗಳು ನೆನಪಿಟ್ಟುಕೊಳ್ಳುವುದಿಲ್ಲ. ಅದರಿಂದ ನನಗೇನೂ ಬೇಜಾರಿಲ್ಲ. ಆದರೆ ಹರಿಹರದ ಒಬ್ಬ ದಲ್ಲಾಳಿಯನ್ನು ನಾನು ಮರೆಯಲಾರೆ. ಪಿತ್ತಕೋಶದ ಕಲ್ಲು ತೆಗೆಸಲು ದಾವಣಗೆರೆಯ ನಮ್ಮ ಆಸ್ಪತ್ರೆಗೆ ಬಂದಿದ್ದರು. ಆಪರೇಷನ್ನಿನ ಹಿಂದಿನ ಸಂಜೆ ನಾನು ವಾರ್ಡಿಗೆ ಹೋದಾಗ, ಫೋನಿನಲ್ಲಿ ಮೆಕ್ಕೆಜೋಳದ ರೇಟಿಗಾಗಿ ಯಾರ ಮೇಲೋ ಕೂಗಾಡುತ್ತಿದ್ದರು. ಆ ಗಂಟಲೇ ಅವರ ಬಂಡವಾಳ.

"ಬಿಪಿ ಇದೆಯಾ?" ಎಂದು ಅವರ ಹೆಂಡತಿಯನ್ನು ಕೇಳಿದೆ.

"ಏನೂ ಇಲ್ರಿ ಮೇಡಂ. ಗುಂಡುಕಲ್ಲು ಇದ್ದಂಗ ಅದಾರ."

ನೋಡಿದರೆ ರಕ್ತದೊತ್ತಡ ಜಾಸ್ತಿಯೇ ಇತ್ತು.

"ಆಸ್ಪತ್ರೆ ಅಂದ್ರ ಹೆದರ್ತಾರ್ರಿ, ಅದಕ್ಕ."

ಬೆಳಿಗ್ಗೆಯೂ ಹೀಗೇ ಇದ್ದರೆ ಆಪರೇಷನ್ ಮುಂದಕ್ಕೆ ಹಾಕುತ್ತೇವೆ ಎಂದೆ. ಆಕೆಯ ಮುಖ ಇಳಿಯಿತು. "ಬ್ಯಾಡ್ರಿ, ಅಯ್ಯನೋರು ನಾಳೆ ದಿನ ಚಲೋ ಐತೆ ಅಂದಾರ. ಆಮೇಲೆ ಅಮಾಸೆ ಬರ್ತೈತೆ."

ಬೆಳಿಗ್ಗೆ ಒತ್ತಡ ಸರಿಯಾಗಿತ್ತು. ಹೆದರಿಕೆಯೇ ಇರಬೇಕೆಂದು ನಾನೂ ನಂಬಿದೆ.

ಅರಿವಳಿಕೆ ಕೊಟ್ಟ ಮೇಲೆ ಒತ್ತಡ ಇಳಿಯುವುದು ಮಾಮೂಲು. ಅವರದು ಇಳಿಯುತ್ತಲೇ ಹೋಯಿತು. ಔಷಧಿ ಕೊಟ್ಟು, ಆರೋಗ್ಯವಂತನ ಮಿದುಳಿಗೆ ಸಾಕಾಗುವಷ್ಟಕ್ಕೆ ಏರಿಸಿ ನಿಲ್ಲಿಸಿದೆ. ಆದರೆ ವರ್ಷಗಟ್ಟಲೆ ಬಿಪಿ ಇದ್ದವರ ಮಿದುಳು ಜೋರು ಒತ್ತಡಕ್ಕೇ ಒಗ್ಗಿಹೋಗಿರುತ್ತದೆ. ಕೆಳಗಿನ ಮನೆಗೆ ಬರುವ ನೀರು ಮೂರನೇ ಮಹಡಿಯ ನಲ್ಲಿಗೆ ಏರುವುದಿಲ್ಲವಲ್ಲ, ಹಾಗೆ ಅವರಿಗೆ ಅಷ್ಟು ಸಾಲದು.

ಎಚ್ಚರವಾದಾಗ ಬಲಗೈ ಏಳಲಿಲ್ಲ. ಹೆಸರು ಕೇಳಿದರೆ ಗಂಟಲಿನಿಂದ ಬರೀ ಗಾಳಿ ಬಂತು. ಸ್ಕ್ಯಾನಿನಲ್ಲಿ ಮಿದುಳಿನ ಎಡಭಾಗಕ್ಕೆ ರಕ್ತ ಸಾಲದೆ ಹೋಗಿದ್ದು ಕಾಣಿಸಿತು. ಇಂಥದ್ದಕ್ಕೆ ಒತ್ತಡ ಇಳಿದದ್ದೊಂದೇ ಕಾರಣವೆಂದು ಎದೆ ತಟ್ಟಿ ಹೇಳಲಾಗದು. ಆದರೂ ನನಗೆ ತಡೆಯಲಾಗಲಿಲ್ಲ. ಮರುದಿನ ಅವರ ಮಂಚದ ಪಕ್ಕದಲ್ಲೇ ನಿಂತು ಆಕೆಯನ್ನು ಗದರಿಸಿಯೇ ಕೇಳಿದೆ, "ನಿಜ ಹೇಳಮ್ಮ. ಬಿಪಿ ಇತ್ತು, ಹೌದಲ್ಲ?"

ಆಕೆ ಗಂಡನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಅಳು ಉಕ್ಕಿ ಬಂತು. "ಹತ್ತು ವರ್ಷದಿಂದ ಐತ್ರಿ. ಮಾತ್ರೆ ಕೊಟ್ರೆ ಒಂದಿನ ನುಂಗ್ತಾರ, ನಾಕು ದಿನ ಬಿಡ್ತಾರ. ನಿನ್ನೆ ನಸುಕಿನಾಗ ನಾನೇ ಎರಡು ಮಾತ್ರೆ ಕೊಟ್ಟೆ. ಸಿಸ್ಟರ್ ಕೊಟ್ಟಾರ ಅಂತ ಸುಳ್ಳು ಹೇಳಿ ನುಂಗಿಸ್ದೆ. ಬಿಪಿ ಇಳಿದ್ರೆ ಒಳ್ಳೇದಲ್ಲೇನ್ರಿ ಮೇಡಂ?"

ಅತಿಯಾದರೆ ಅಮೃತವೂ ವಿಷ ಎಂದು ನಾಲಿಗೆ ತುದಿಯವರೆಗೆ ಬಂದಿತ್ತು, ನುಂಗಿಕೊಂಡೆ. ಸಿಟ್ಟು ಇಳಿದುಹೋಯಿತು.

"ಮಕ್ಕಳಿಗೆ ಹೇಳಬ್ಯಾಡ್ರಿ," ಎಂದರು ಆಕೆ. "ಇವರಿಗಂತೂ ಏನೂ ತಿಳಿಯಂಗಿಲ್ಲ."

ಅವರಿಗೆ ಎಲ್ಲವೂ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿನ ಹಿಂದಷ್ಟೇ ನಾನು ಕಣ್ಣು ಮುಚ್ಚಿ ಎಂದಾಗ ಮುಚ್ಚಿದ್ದರು, ನಾಲಿಗೆ ತೋರಿಸಿ ಎಂದಾಗ ತೋರಿಸಿದ್ದರು. ಮಾತು ನಿಲ್ಲಿಸಿ ಎಂದು ಆಕೆಗೆ ಸನ್ನೆ ಮಾಡಲು ನಾನು ಕೈ ಎತ್ತುವಷ್ಟರಲ್ಲಿ, ಅವರು ಹೆಂಡತಿಯ ಕೈಯೊಳಗಿಂದ ತಮ್ಮ ಎಡಗೈಯನ್ನು ಮೆಲ್ಲಗೆ ಬಿಡಿಸಿಕೊಂಡರು.