ಹೊಲಿಯದೆ ಬಿಟ್ಟ ಜಾಗ

ಮಾವನ ನಾಯಿಗೆ ಪೇಟೆಯ ದನದ ಆಸ್ಪತ್ರೆಯಲ್ಲಿ ಆಪರೇಷನ್ ಆದದ್ದು ನಾನು ಮಾಸ್ತರಿಕೆಗೆ ಸೇರಿದ ಮರುವರ್ಷ. ಆಗ ಕಾಸರಗೋಡು ಇನ್ನೂ ಮದರಾಸಿಗೆ ಸೇರಿತ್ತು. ನಾಯಿ ಸತ್ತ ಮೇಲೆ ಆ ಡಾಕ್ಟರರ ಬಗ್ಗೆ ಊರಿನವರು ಬಹಳ ಮಾತಾಡಿದರು. ಹಾಗೆ ಮಾತಾಡಿದವರಲ್ಲಿ ಯಾರೂ ಆಸ್ಪತ್ರೆಯ ಒಳಗೆ ಕಾಲಿಟ್ಟವರಲ್ಲ. ನಾಯಿಯನ್ನು ಅಲ್ಲಿಗೆ ಕರೆದೊಯ್ದ ಎರಡು ಸಲವೂ ನಾನಿದ್ದೆ. ಆದ್ದರಿಂದ ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತೇನೆ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ನಮ್ಮದು ಅಳಿಯಸಂತಾನದ ಮನೆ, ಯಜಮಾನಿಕೆ ಅವರದು. ಮನೆ ಮೊಗ್ರಾಲ್ ಹೊಳೆಯ ದಂಡೆಯಲ್ಲಿ, ಸಮುದ್ರದಿಂದ ಸ್ವಲ್ಪ ಮೇಲಕ್ಕೆ. ಮನೆಮಾತು ತುಳು. ಅಲ್ಲಿ ಆಡಿದ ಮಾತುಗಳನ್ನೇ ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಮಾವನಿಗೆ ಮದುವೆಯಾಗಿರಲಿಲ್ಲ. ಬೇಸಾಯ ನೋಡಿಕೊಳ್ಳುತ್ತಿದ್ದರು. ಆದರೆ ಸುತ್ತಲಿನ ಊರುಗಳಲ್ಲಿ ಅವರಿಗೆ ಹೆಸರಿದ್ದದ್ದು ಬೇಸಾಯಕ್ಕಲ್ಲ, ಹೊಲಿಗೆಗೆ.

ಕೋಳಿ ಅಂಕದಲ್ಲಿ ಹುಂಜದ ಕಾಲಿಗೆ ಸಣ್ಣ ಕತ್ತಿ ಕಟ್ಟಿ ಕಾಳಗಕ್ಕೆ ಬಿಡುತ್ತಾರೆ. ಗೆದ್ದ ಹುಂಜಕ್ಕೂ ಎಷ್ಟೋ ಸಲ ಎದೆಯೋ ತೊಡೆಯೋ ಸೀಳಿರುತ್ತದೆ. ಅದನ್ನು ಅಲ್ಲೇ ಗದ್ದೆಯ ಬದಿಯಲ್ಲಿ ಕೂತು ಹೊಲಿಯಬೇಕು. ಮಾವ ಹೊಲಿದ ಹುಂಜ ಮುಂದಿನ ಅಂಕಕ್ಕೆ ಪುನಃ ಬರುತ್ತದೆ ಎಂದು ಜನ ಹೇಳುತ್ತಿದ್ದರು. ಹುಂಜವನ್ನು ಎರಡು ಮೊಣಕಾಲುಗಳ ನಡುವೆ ಹಿಡಿದು, ಪುಕ್ಕ ಕಿತ್ತು, ಮೇಲಿನ ತುದಿಯಿಂದ ಹೊಲಿಯುತ್ತಾ ಬಂದು ಕೆಳಗಿನ ತುದಿಯಲ್ಲಿ ಗಂಟು ಹಾಕುತ್ತಿದ್ದರು. ಕೊನೆಗೆ ಹೆಬ್ಬೆರಳಿನಿಂದ ಇಡೀ ಗೀರನ್ನು ಒಮ್ಮೆ ಸವರಿ ನೋಡುವುದು. ಎಲ್ಲಿಯಾದರೂ ಬೆರಳಿಗೆ ಒದ್ದೆ ತಾಗಿದರೆ ಅಲ್ಲಿ ಇನ್ನೊಂದು ಹೊಲಿಗೆ. ಒಣ ಹೆಬ್ಬೆರಳು ತೋರಿಸಿ, "ಆಯಿತು, ತೆಗೆದುಕೊಂಡು ಹೋಗು" ಎನ್ನುತ್ತಿದ್ದರು.

ನಾಯಿ ಕಂದು ಬಣ್ಣದ್ದು, ಒಂದು ಕಿವಿ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಹೆಸರು ಇಟ್ಟಿರಲಿಲ್ಲ. ಮಾವ "ಬಾ" ಎಂದರೆ ಬರುತ್ತಿತ್ತು, ಬೇರೆಯವರು "ಬಾ" ಎಂದರೆ ಮಾವನ ಮುಖ ನೋಡುತ್ತಿತ್ತು. ಅವರು ಗಂಜಿ ಉಣ್ಣುವಾಗ ಹೊಸ್ತಿಲಿನ ಆಚೆ ಕೂರುತ್ತಿತ್ತು. ಅವರು ಎದ್ದು ಬಂದು ಕೊನೆಯ ಹಿಡಿ ಅನ್ನವನ್ನು ತೆಂಗಿನ ಗೆರಟೆಗೆ ಹಾಕಿದ ಮೇಲೆಯೇ ಅದರ ಊಟ. ತಾಯಿ ಹಾಕಿದರೆ ಮೂಸಿ ಬಿಟ್ಟುಬಿಡುತ್ತಿತ್ತು.

ಅದರ ಎಡ ಪಕ್ಕೆಯ ಕೆಳಗೆ ಒಂದು ಗೆಡ್ಡೆ ಎದ್ದಿತು. ಮೊದಲು ನೆಲ್ಲಿಕಾಯಿಯಷ್ಟಿತ್ತು, ಆಮೇಲೆ ಮುಷ್ಟಿಯಷ್ಟಾಯಿತು. ಮಾವ ಸೊಪ್ಪಿನ ರಸ ಹಚ್ಚಿದರು, ಬಿಸಿ ಉಪ್ಪಿನ ಶಾಖ ಕೊಟ್ಟರು. ನಾಯಿ ಮಲಗಲು ಬದಿ ಹುಡುಕುತ್ತಾ ಸುತ್ತು ಹಾಕುವುದನ್ನು ನೋಡಿ ಒಂದು ದಿನ ನನ್ನನ್ನು ಕೇಳಿದರು, "ಎಂತ ಮಾಸ್ಟ್ರೇ, ನಿಮ್ಮ ಪೇಟೆಯ ದನದ ಡಾಕ್ಟರು ನಾಯಿಯನ್ನು ಮುಟ್ಟುತ್ತಾರಾ?"

ಮುಟ್ಟುತ್ತಾರೆ ಎಂದು ವಿಚಾರಿಸಿಕೊಂಡು ಬಂದೆ. ಗಾಡಿ ಕಟ್ಟಿಸಿದರು. ತಾಯಿ ಜಗಲಿಯಲ್ಲಿ ನಿಂತು, "ನನಗೆ ಚಳಿಜ್ವರ ಬಂದಾಗ ಕಷಾಯ ಕುಡಿ ಎಂದವರು, ಅಣ್ಣ, ನಾಯಿಗೆ ಗಾಡಿ ಕಟ್ಟಿಸುತ್ತೀರಿ" ಎಂದರು.

"ನೀನು ಮಾತಾಡುತ್ತೀ, ಎಲ್ಲಿ ನೋವು ಎಂದು ಹೇಳುತ್ತೀ. ಅದು ಹೇಳುತ್ತದಾ?" ಎಂದರು ಮಾವ. ತಾಯಿ ಒಳಗೆ ಹೋಗಿ, ನಾಯಿಯ ಅಡಿಗೆ ಹಾಸಲು ಒಂದು ಹಳೆಯ ಸೀರೆ ತಂದುಕೊಟ್ಟರು.

ಡಾಕ್ಟರರು ಮದರಾಸಿನ ಆಚೆಯವರು, ಸಣ್ಣ ಪ್ರಾಯ, ಬಡಕಲು ಮೈ. ಕನ್ನಡ ನಿಧಾನವಾಗಿ ಆಡುತ್ತಿದ್ದರು, ತುಳು ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ನಾನು ಮಾವನಿಗೆ ತಿಳಿಸುತ್ತಿದ್ದೆ. ಕ್ಲೋರೋಫಾರ್ಮಿನ ಅರಿವೆ ಮೂಗಿಗೆ ಹಿಡಿದಾಗ ನಾಯಿ ಮಾವನ ಕೈಯನ್ನು ಹುಡುಕಿತು. ಅವರು ಕೈ ಕೊಟ್ಟರು, ಅದು ನಿದ್ದೆ ಹೋಗುವವರೆಗೂ ತೆಗೆಯಲಿಲ್ಲ. ಡಾಕ್ಟರರು ಗೆಡ್ಡೆಯನ್ನು ಇಡಿಯಾಗಿ ಬಿಡಿಸಿ ತೆಗೆದರು. ಅವಸರ ಮಾಡಲಿಲ್ಲ. ರಕ್ತ ಒಸರುವ ಒಂದೊಂದು ಜಾಗವನ್ನೂ ಹಿಡಿದು ಕಟ್ಟಿದರು. ಆಮೇಲೆ ಮೇಲಿನಿಂದ ಹೊಲಿಯುತ್ತಾ ಬಂದು, ಕೆಳಗಿನ ತುದಿಯಲ್ಲಿ ಎರಡು ಬೆರಳು ಹೋಗುವಷ್ಟು ಜಾಗವನ್ನು ಹಾಗೆಯೇ ಬಿಟ್ಟರು. ಅದರೊಳಗೆ ಜಾಳು ಬಟ್ಟೆಯ ಒಂದು ಪಟ್ಟಿ ತೂರಿಸಿ, ಅದರ ತುದಿ ಹೊರಗೆ ನೇತಾಡುವಂತೆ ಇಟ್ಟರು. ಮೇಲೆ ಬಿಳಿ ಪುಡಿ ಉದುರಿಸಿದರು.

ನೀರು ತಾಗಿಸಬೇಡಿ, ನೆಕ್ಕಲು ಬಿಡಬೇಡಿ, ಸೋಮವಾರ ಕರೆದುಕೊಂಡು ಬನ್ನಿ ಎಂದರು. ಅಷ್ಟೇ ಹೇಳಿದರು. ಹೊರಗೆ ಎರಡು ಜೋಡಿ ಎತ್ತುಗಳು, ಒಂದು ಕರು ಕಾಯುತ್ತಿದ್ದವು.

ಗಾಡಿಯಲ್ಲಿ ಮಾವ ಬಹಳ ಹೊತ್ತು ಆ ಗೀರನ್ನೇ ನೋಡುತ್ತಿದ್ದರು. "ಕೈ ಒಳ್ಳೆದುಂಟು ಹುಡುಗನಿಗೆ" ಎಂದರು. ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ಕೊನೆಗೆ ಅವಸರ ಮಾಡಿದ. ಆ ಎತ್ತಿನವರು ಬಂದು ನಿಂತರಲ್ಲ" ಎಂದರು.

ಮರುದಿನ ಪಟ್ಟಿ ಎಲ್ಲೋ ಬಿದ್ದುಹೋಗಿತ್ತು. ನಾಯಿಯ ಕುತ್ತಿಗೆಗೆ ಹಳೆಯ ಬುಟ್ಟಿಯ ತಳ ಕತ್ತರಿಸಿ ಹಾಕಿದ್ದೆವು, ಆದರೂ ಹೇಗೋ ನೆಕ್ಕಿ ಎಳೆದಿರಬೇಕು. ಬಿಟ್ಟ ಜಾಗದಿಂದ ತೆಳ್ಳಗೆ ಕೆಂಪು ನೀರು ಇಳಿಯುತ್ತಿತ್ತು, ಜಗಲಿಯ ಸೆಗಣಿ ಸಾರಿಸಿದ ನೆಲದಲ್ಲಿ ಅಲ್ಲಲ್ಲಿ ಕಲೆ. ಹೊಳೆಯಾಚೆಯಿಂದ ಬಂದ ಒಬ್ಬ ಕೋಳಿಯವ ಬಗ್ಗಿ ನೋಡಿ ನಕ್ಕ. "ಇದೆಂತ ಮಾರಾಯರೇ, ಗೋಣಿಯ ಬಾಯಿ ಕಟ್ಟದೆ ಕಳಿಸಿದ ಹಾಗೆ. ನೀವು ಹೀಗೆ ಹೊಲಿದರೆ ನಾವು ಹುಂಜ ಕೊಡುತ್ತಿದ್ದೆವಾ?"

ಮಾವ ನಗಲಿಲ್ಲ. ಹೆಬ್ಬೆರಳಿನಿಂದ ಗೀರನ್ನು ಸವರಿದರು. ಕೆಳಗಿನ ತುದಿಯಲ್ಲಿ ಬೆರಳು ಒದ್ದೆಯಾಯಿತು.

ಅಷ್ಟು ನೋಡಿ ನಾನು ಶಾಲೆಗೆ ಹೋದೆ. ಸಂಜೆ ಬರುವಾಗ ಎಲ್ಲ ಮುಗಿದಿತ್ತು. ಮಾವ ಸೂಜಿಯನ್ನು ಕುದಿಸಿದ್ದರು, ಕೈಯನ್ನು ಬಿಸಿನೀರಿನಲ್ಲಿ ತೊಳೆದಿದ್ದರು, ಬಿಟ್ಟ ಜಾಗವನ್ನು ರೇಶ್ಮೆ ನೂಲಿನಿಂದ ಹೊಲಿದು ಮುಚ್ಚಿದ್ದರು. ತಾಯಿ ತಲೆ ಹಿಡಿದಿದ್ದರಂತೆ, ನಾಯಿ ಒಂದು ಸಲವೂ ಹಲ್ಲು ತೋರಿಸಲಿಲ್ಲವಂತೆ. ಡಾಕ್ಟರರ ಹೊಲಿಗೆ ಎಲ್ಲಿ ನಿಂತಿತು, ಮಾವನದ್ದು ಎಲ್ಲಿ ಶುರುವಾಯಿತು ಎಂದು ನೂಲಿನ ಬಣ್ಣದಿಂದ ಮಾತ್ರ ಗೊತ್ತಾಗುತ್ತಿತ್ತು. ಮೇಲೆ ಅರಸಿನ ಮತ್ತು ತೆಂಗಿನೆಣ್ಣೆ. ನೆಲ ಒಣಗಿತ್ತು. ನನ್ನ ಕಣ್ಣಿಗೂ ಅದು ಚೆನ್ನಾಗಿಯೇ ಕಂಡಿತು.

ಒಂದೆರಡು ದಿನ ನಾಯಿ ಗೆಲುವಾಗಿಯೇ ಇತ್ತು. ಅಂಗಳಕ್ಕಿಳಿಯಿತು, ಹೊಸ್ತಿಲಿನ ಆಚೆ ಬಂದು ಕೂತಿತು. ಆಮೇಲೆ ಗೆರಟೆಯ ಅನ್ನ ಹಾಗೆಯೇ ಉಳಿಯಿತು. ಮೂಗು ಒಣಗಿತು, ಪಕ್ಕೆ ಬಿಗಿದು ಬಾತು ಹೊಳೆಯತೊಡಗಿತು. ಸೋಮವಾರದವರೆಗೆ ಕಾಯಲಿಲ್ಲ. ಮಾವ ಪುನಃ ಗಾಡಿ ಕಟ್ಟಿಸಿದರು. ಪೇಟೆ ಹತ್ತಿರವಾದಾಗ ಒಮ್ಮೆ, "ಒಳಗೆ ಕೊಳಕು ಬಿಟ್ಟಿದ್ದಾನೆ. ಮೇಲಿನಿಂದ ನಾನು ಎಷ್ಟು ಮಾಡಿದರೂ ಎಂತ ಪ್ರಯೋಜನ? ಅವನಿಗೆ ಹೇಳು" ಎಂದರು.

ನಾನು ಅದನ್ನು ಹೇಳುವ ಮೊದಲೇ ಡಾಕ್ಟರರು ನಾಯಿಯನ್ನು ಮೇಜಿನ ಮೇಲೆ ಬದಿಗೆ ಮಲಗಿಸಿದ್ದರು. ಅರಸಿನವನ್ನು ಒದ್ದೆ ಹತ್ತಿಯಿಂದ ಒರೆಸಿದರು. ಕೆಳಗಿನ ತುದಿಗೆ ಬಂದಾಗ ಅವರ ಕೈ ನಿಂತಿತು.

"ಇದು ನನ್ನ ಹೊಲಿಗೆಯಲ್ಲ" ಎಂದರು.

ಮಾವನಿಗೆ ಅದನ್ನು ತಿಳಿಸಬೇಕಾಗಲಿಲ್ಲ. "ನಾನು ಹಾಕಿದ್ದು. ಅವರು ಬಿಟ್ಟದ್ದನ್ನು ನಾನು ಮುಗಿಸಿದೆ ಎಂದು ಹೇಳು" ಎಂದರು. ಗಂಟಲಿನಲ್ಲಿ ಸಿಟ್ಟಿತ್ತು. ನಾನು ಹೇಳಿದೆ.

ಡಾಕ್ಟರರು ನನ್ನನ್ನು ನೋಡಿದರು, ಮಾವನನ್ನು ನೋಡಿದರು. ಆ ಹೊತ್ತಿನಲ್ಲಿ ಅವರು ಹೇಳಬಹುದಾಗಿದ್ದ ಮಾತುಗಳು ಬಹಳ ಇದ್ದವು. ಅವರು ಕತ್ತರಿ ತೆಗೆದುಕೊಂಡು ರೇಶ್ಮೆ ನೂಲನ್ನು ತುಂಡರಿಸಿದರು. ಕೀವು ಮೇಜಿನಿಂದ ಇಳಿದು ಕೆಳಗಿನ ಬೋಗುಣಿಗೆ ಬಿತ್ತು, ಆಮೇಲೂ ನಿಲ್ಲಲಿಲ್ಲ. ಅದರ ವಾಸನೆಗೆ ಬಾಗಿಲಲ್ಲಿ ನಿಂತಿದ್ದ ಜವಾನ ಹಿಂದೆ ಸರಿದ. ಮಾವ ನಾಯಿಯ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಬೋಗುಣಿಯನ್ನು ನೋಡುತ್ತಿದ್ದರು. ಎಲ್ಲ ಇಳಿದ ಮೇಲೆ ನಾಯಿ ಒಂದು ಉದ್ದ ಉಸಿರು ಬಿಟ್ಟಿತು.

"ಅದು ಬೇಕೆಂದೇ ಬಿಟ್ಟದ್ದಾ, ಕೇಳು" ಎಂದರು ಮಾವ. ಸಿಟ್ಟು ಹೋಗಿತ್ತು.

ಕೇಳಿದೆ.

"ಹೌದು" ಎಂದರು ಡಾಕ್ಟರರು. "ಗೆಡ್ಡೆ ತೆಗೆದ ಮೇಲೆ ಒಳಗೆ ಹೊಂಡ ಉಳಿಯುತ್ತದೆ. ಅಲ್ಲಿ ನೀರು ನಿಲ್ಲುತ್ತದೆ. ಅದು ಇಳಿದುಹೋಗಲು ದಾರಿ ಬೇಕು." ಕೈ ಒರೆಸಿಕೊಂಡರು. "ಯಾಕೆ ಬಿಟ್ಟೆ ಎಂದು ನಾನು ಇವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಇದನ್ನೂ ಇವರಿಗೆ ಹೇಳಿ."

ನಾನು ಅದನ್ನೂ ಹೇಳಿದೆ. ಮಾವ ತಲೆಯಾಡಿಸಿದರು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. "ಕೋಳಿಯ ಕೀವು ಹೀಗೆ ಹರಿಯುವುದಿಲ್ಲ" ಎಂದರು, ಯಾರಿಗೂ ಅಲ್ಲ ಎನ್ನುವಂತೆ. "ಅದರದ್ದು ಗಟ್ಟಿ. ಒಣಗಿದ ಹಿಟ್ಟಿನ ಹಾಗೆ."

ಇದನ್ನು ಡಾಕ್ಟರರಿಗೆ ತಿಳಿಸಿದಾಗ, "ನಿಜ, ಹಕ್ಕಿಗಳಲ್ಲಿ ಹಾಗೆಯೇ" ಎಂದರು. "ಇವರು ಕೋಳಿಗೆ ಹೊಲಿಯುವವರೋ? ಹೊಲಿಗೆ ತುಂಬ ಚೆನ್ನಾಗಿದೆ."

ಆ ಮಾತನ್ನು ಮಾತ್ರ ನಾನು ಮಾವನಿಗೆ ತಿಳಿಸಲಿಲ್ಲ.

ಆ ಆಸ್ಪತ್ರೆಯಲ್ಲಿ ನಾಯಿಯನ್ನು ಇಟ್ಟುಕೊಳ್ಳುವ ಜಾಗವಿರಲಿಲ್ಲ, ಇದ್ದದ್ದು ದನಗಳ ಕೊಟ್ಟಿಗೆ. ಡಾಕ್ಟರರು ನಾಯಿಯನ್ನು ಆಸ್ಪತ್ರೆಯ ಹಿಂದಿದ್ದ ತಮ್ಮ ಬಿಡಾರದ ಜಗಲಿಯಲ್ಲಿ ಮಲಗಿಸಿಕೊಂಡರು. ಗಾಯದ ಹೊಂಡವನ್ನು ಅವರೇ ತೊಳೆಯುತ್ತಿದ್ದರು, ಜವಾನನಿಗೆ ಬಿಡಲಿಲ್ಲ. ಪ್ರತಿ ಸಲವೂ ತಾವು ಮಾಡುತ್ತಿರುವುದು ಏನು, ಯಾಕೆ ಎಂದು ಮಾವನ ಮುಖ ನೋಡಿ ಕನ್ನಡದಲ್ಲಿ ಹೇಳುತ್ತಿದ್ದರು. ಹಾಗೆ ನಿಧಾನವಾಗಿ ತೋರಿಸುತ್ತಾ ಹೇಳಿದರೆ ಮಾವನಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ಅವರು ಅಲ್ಲೇ ಗೋಡೆಗೆ ಒರಗಿ ಕೂತಿರುತ್ತಿದ್ದರು. ನಾನು ಶಾಲೆ ಬಿಟ್ಟ ಮೇಲೆ ಮನೆಯಿಂದ ಗಂಜಿ ತರುತ್ತಿದ್ದೆ. ಮಾವ ಅರ್ಧ ಉಂಡು, ಕೊನೆಯ ಹಿಡಿಯನ್ನು ಅಂಗೈಯಲ್ಲಿಟ್ಟು ನಾಯಿಯ ಬಾಯಿಯ ಹತ್ತಿರ ಹಿಡಿಯುತ್ತಿದ್ದರು. ಅದು ನಾಲಗೆ ತಾಗಿಸುತ್ತಿತ್ತು. ತಿನ್ನುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಹೋಗುವಾಗ ಅದರ ಮೇಲೆ ತಾಯಿಯ ಹಳೆಯ ಸೀರೆ ಹೊದಿಸಿತ್ತು. ಡಾಕ್ಟರರು ಮೆಟ್ಟಿಲಲ್ಲಿ ಕೂತಿದ್ದರು.

ಮಾವ ನನ್ನ ಹತ್ತಿರ ಬಂದು, "ಮಣ್ಣಿಗೆ ತೆರೆದ ಗಾಯದೊಡನೆ ಹೋಗಬಾರದು. ಮುಚ್ಚಿಕೊಡಲಿಕ್ಕೆ ಹೇಳು" ಎಂದರು. ಡಾಕ್ಟರರು ಸೂಜಿ ನೂಲು ತಂದರು. ತಂದವರು ಒಂದು ಗಳಿಗೆ ಯೋಚಿಸಿ, ಅದನ್ನು ಮಾವನ ಕಡೆಗೆ ಚಾಚಿದರು. ಅವರು ಅದನ್ನು ಗೌರವಕ್ಕೆಂದೇ ಮಾಡಿದರು, ನಾನು ಹತ್ತಿರದಲ್ಲೇ ಇದ್ದೆ. ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಡಾಕ್ಟರರೇ ಕೂತು ಹೊಲಿದರು. ಈ ಸಲ ಕೆಳಗಿನವರೆಗೂ, ಜಾಗ ಬಿಡದೆ.

ಊರಿನಲ್ಲಿ ಮಾತು ಬೇರೆಯೇ ಹಬ್ಬಿತು. ಡಾಕ್ಟರು ಗಾಯವನ್ನು ಪೂರ್ತಿ ಹೊಲಿಯದೆ ಕಳಿಸಿದ, ಒಳಗೆ ಬಟ್ಟೆ ಮರೆತ, ಮಾವ ಉಳಿಸಲು ನೋಡಿದರೂ ಉಳಿಯಲಿಲ್ಲ ಎಂದು. ಕೆಲವರು ದನಗಳನ್ನು ಅಲ್ಲಿಗೆ ಕರೆದೊಯ್ಯುವುದನ್ನೇ ಬಿಟ್ಟರು. ನಾನು ಸಿಕ್ಕಿದವರಿಗೆ, ಹಾಗಲ್ಲ, ಡಾಕ್ಟರರ ತಪ್ಪಿಲ್ಲ ಎಂದರೆ, "ನೀವು ಕಲಿತವರು ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ ಬಿಡಿ" ಎನ್ನುತ್ತಿದ್ದರು. ಅದಕ್ಕಿಂತ ಮುಂದೆ ಹೇಳಬೇಕಾದರೆ ಮಾವನ ಹೆಸರು ಬರುತ್ತಿತ್ತು. ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಒಂದು ದಿನ ಜಗಲಿಯಲ್ಲಿ ಯಾರೋ ಆ ಮಾತು ತೆಗೆದಾಗ ಮಾವನೇ, "ಡಾಕ್ಟರು ಒಳ್ಳೆಯವರು" ಎಂದರು.

"ಒಳ್ಳೆಯವರಾದರೆ ನಾಯಿ ಸತ್ತದ್ದು ಹೇಗೆ ಅಣ್ಣ?" ಎಂದು ತಾಯಿ ಒಳಗಿನಿಂದ ಕೇಳಿದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮಾವ ಎದ್ದು ಹೊಳೆಯ ಕಡೆಗೆ ಹೋದರು.

ಬೆಳೆ ಕೊಯ್ದ ಮೇಲೆ ಗದ್ದೆಯಲ್ಲಿ ಅಂಕ ಆಯಿತು. ಮಾವ ಹೋಗುವುದಿಲ್ಲ ಎಂದುಕೊಂಡಿದ್ದೆ, ಆದರೆ ಜನ ಬಂದು ಕರೆದರು. ನಾನೂ ಜೊತೆಗೆ ಹೋದೆ. ಹೊಳೆಯಾಚೆಯ ಆ ಕೋಳಿಯವನ ಹುಂಜವೇ ಗೆದ್ದು, ತೊಡೆ ಸೀಳಿಕೊಂಡು ಬಂತು. ಮಾವ ಬದುವಿನಲ್ಲಿ ಕೂತು, ಅದನ್ನು ಮೊಣಕಾಲುಗಳ ನಡುವೆ ಹಿಡಿದು ಹೊಲಿಯತೊಡಗಿದರು. ಮೇಲಿನಿಂದ ಬರುತ್ತಾ ಬರುತ್ತಾ ಕೆಳಗಿನ ತುದಿಗೆ ಬಂದಾಗ ನೂಲು ಕತ್ತರಿಸಿ, ಹುಂಜವನ್ನು ಅವನಿಗೆ ಕೊಟ್ಟರು. ಹೆಬ್ಬೆರಳಿನಿಂದ ಸವರಿ ನೋಡಲಿಲ್ಲ.

ಅವನು ಹುಂಜವನ್ನು ತಿರುಗಿಸಿ ನೋಡಿದ. "ಇಲ್ಲಿ ಒಂದು ಹೊಲಿಗೆ ಬಿಟ್ಟುಹೋಗಿದೆ, ಮಾರಾಯರೇ."

"ಬಿಟ್ಟದ್ದು" ಎಂದರು ಮಾವ. "ಕೀವು ಇಳಿಯಲಿಕ್ಕೆ."

"ಕೋಳಿಗೆ ಎಂತ ಕೀವು ಇಳಿಯುವುದು? ನಿಮಗೆ ನಾನು ಹೇಳಿಕೊಡಬೇಕಾ?"

"ಗೊತ್ತುಂಟು" ಎಂದರು. "ಪೂರ್ತಿ ಮುಚ್ಚಲಿಕ್ಕೆ ಕೈ ಬರುವುದಿಲ್ಲ."

ಅವನು ತಮಾಷೆ ಎಂದುಕೊಂಡು ಸ್ವಲ್ಪ ಹೊತ್ತು ಕಾದ. ಮಾವ ಸೂಜಿಯನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದರು. ಆಗ ಅವನು ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು, ಗದ್ದೆಯ ಆ ಬದಿಯಲ್ಲಿ ಹೊಲಿಯಲು ಕೂತಿದ್ದ ಇನ್ನೊಬ್ಬನ ಹತ್ತಿರ ಹೋದ. ಅಲ್ಲಿ ಗಾಯವನ್ನು ತೋರಿಸಿ, ನಮ್ಮ ಕಡೆಗೆ ಕೈ ಮಾಡಿ ಏನೋ ಹೇಳಿದ. ನಾಲ್ಕಾರು ಜನ ತಿರುಗಿ ನೋಡಿದರು. ಆ ಇನ್ನೊಬ್ಬ ಸೂಜಿಗೆ ನೂಲು ಪೋಣಿಸಿ, ಬಿಟ್ಟ ಜಾಗವನ್ನು ಮುಚ್ಚಿಕೊಟ್ಟ.

ಅವನು ಮುಗಿಸುವವರೆಗೂ ಮಾವ ಅದನ್ನು ಕೂತು ನೋಡಿದರು. ಆಮೇಲೆ ಎದ್ದು, ಪಂಚೆಯ ಮಣ್ಣು ಕೊಡವಿ, "ಬಾ" ಎಂದರು. ಯಾರಿಗೆ ಹೇಳಿದ್ದೆಂದು ಅವರಿಗೇ ಒಂದು ಕ್ಷಣ ತಿಳಿಯದ ಹಾಗೆ ನಿಂತರು. ನಾನು ಎದ್ದು ಅವರ ಹಿಂದೆ ಹೊರಟೆ.