ಬರಗೇರಮ್ಮನ ಕಾಲಿನ ವಯಸ್ಸು

ಧರ್ಮಪುರದ ಬರಗೇರಮ್ಮನಿಗೆ ತಾನು ಹುಟ್ಟಿದ ವರ್ಷ ಗೊತ್ತಿಲ್ಲ. ಆಧಾರ್ ಕಾರ್ಡಿನ ಲೆಕ್ಕಕ್ಕೆ ಈಗ ಎಪ್ಪತ್ತೆರಡು. ಕುರಿಯ ವಯಸ್ಸಾದರೆ ಬಾಯಿ ಬಿಡಿಸಿ ಹಲ್ಲು ನೋಡಿ ಹೇಳಿಬಿಡುತ್ತಾಳೆ. ಐವತ್ತು ವರ್ಷ ಕುರಿ ಕಾಯ್ದವಳು. ಎರಡು ವರ್ಷದ ಹಿಂದೆ ಚಿಕೂನ್‌ಗುನ್ಯಾ ಬಂದು ಕೀಲುಗಳೆಲ್ಲ ಹಿಡಿದುಕೊಂಡವು. ಆಮೇಲೆ ಮನೆ ಮುಂದಿನ ಕಟ್ಟೆಯೇ ಗತಿಯಾಯಿತು. ನೋವು ಹೋದರೂ ಕೂರುವುದು ಹೋಗಲಿಲ್ಲ. ಕುರಿ ಹಿಂದೆ ಗಂಡ ಪಾಪಣ್ಣ ಒಬ್ಬನೇ ಹೋಗತೊಡಗಿದ.

ಸಂಕ್ರಾಂತಿ ಕಳೆದ ಮೇಲೆ ಚಿತ್ರದುರ್ಗದಿಂದ ಸಹನಾ ಎಂಬ ಹುಡುಗಿ ಬಂದಳು. ಮುಪ್ಪಿನ ಬಗ್ಗೆ ಸಂಶೋಧನೆ ಮಾಡುವವಳು. ಬರಗೇರಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, "ಕೈ ಊರದೆ ಐದು ಸಲ ಎದ್ದು ಕೂತ್ಕೊಳ್ಳಿ ಅಜ್ಜಿ" ಅಂದಳು. ಮೂರನೆಯ ಸಲಕ್ಕೇ ತೊಡೆ ನಡುಗಿ ಬರಗೇರಮ್ಮ ಧೊಪ್ಪನೆ ಕೂತುಬಿಟ್ಟಳು.

"ವರ್ಷದ ವಯಸ್ಸು ಬೇರೆ, ಮೈಯ ವಯಸ್ಸು ಬೇರೆ ಅಜ್ಜಿ. ನಿಮ್ಮ ಕಾಲು ಎಂಬತ್ತು ದಾಟಿದವರ ಕಾಲಿನ ತರ ಆಗಿವೆ."

"ಅದು ನಂಗೂ ಗೊತ್ತೈತೆ ಕಣವ್ವ. ಒಂದೇ ದಿನ ಹುಟ್ಟಿದ ಎರಡು ಕುರೀಲಿ, ಕಲ್ಲುಗುಡ್ಡದಾಗೆ ಮೇಯ್ದಿದ್ದರ ಹಲ್ಲು ಬೇಗ ಸವೀತಾವೆ. ಆದ್ರೆ ಮುಪ್ಪು ಯಾಕೆ ಬರ್ತೈತೆ, ಅದನ್ನೇಳು."

ಸಹನಾ ಅವಳ ಪಕ್ಕದಲ್ಲೇ ಕೂತಳು. "ಒಂದೇ ಕಾರಣ ಯಾರಿಗೂ ಸಿಕ್ಕಿಲ್ಲ. ಮೈಯೊಳಗಿನ ಜೀವಕೋಶ ಒಡೆದು ಎರಡಾದಾಗಲೆಲ್ಲ ಅದರೊಳಗಿನ ಎಳೆಗಳ ತುದಿ ಸವೆಯುತ್ತೆ ಅಂತಾರೆ ಕೆಲವರು. ಮುದಿಯಾದ ಕೋಶ ಸಾಯೋದೂ ಇಲ್ಲ, ಕೆಲಸಾನೂ ಮಾಡಲ್ಲ, ಸುಮ್ಮನೆ ಕೂತು ಅಕ್ಕಪಕ್ಕದವನ್ನೂ ಕೆಡಿಸುತ್ತೆ ಅಂತಾರೆ ಇನ್ನು ಕೆಲವರು."

"ಕಟ್ಟೆ ಮ್ಯಾಲೆ ಕುಂತಿರೋ ನನ್ನಂಗೆ!" ಬರಗೇರಮ್ಮ ಜೋರಾಗಿ ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು: "ವಾಪಸ್ ತಿರುಗಿಸಾಕೆ ಆಗ್ತೈತಾ?"

"ಇಲಿಗಳಲ್ಲಿ ಒಂದಿಷ್ಟು ಮಾಡಿ ತೋರಿಸಿದ್ದಾರೆ. ಮನುಷ್ಯರಿಗೆ ಅಂಥ ಔಷಧಿ ಇನ್ನೂ ಇಲ್ಲ. ಆದ್ರೆ ದಿನಾ ಎದ್ದು ಕೂತು ಮಾಡಿದ್ರೆ ಕಾಲಿನ ಶಕ್ತಿ ವಾಪಸ್ ಬರುತ್ತೆ."

ಮಾರನೇ ದಿನವೇ ಶುರುವಾಯಿತು.

"ಬಿದ್ದೀಯ ಕಣ್ಲೇ, ಗೋಡೆ ಹಿಡ್ಕ" ಅಂದ ಪಾಪಣ್ಣ.

"ನೀವು ಸುಮ್ನೆ ಎಣಿಸ್ರಿ."

ಮೊದಲು ಮೂರು, ಯುಗಾದಿ ಹೊತ್ತಿಗೆ ಹತ್ತು. ಆಮೇಲೆ ಬೀದಿಯ ಕೊನೆತನಕ ನಡಿಗೆ, ಮಳೆ ಬಿದ್ದ ಮೇಲೆ ಶೇಂಗಾ ಹೊಲದತನಕ. ಒಂದು ಬೆಳಗ್ಗೆ ಪಾಪಣ್ಣ ಕುರಿ ಬಿಡುವಾಗ ಅವಳೂ ಕೋಲು ಹಿಡಿದು ನಿಂತಿದ್ದಳು. "ಹೋಗಾಣ ನಡೀರಿ" ಅಂದಳು. ಅವನು ಬುತ್ತಿಗೆ ಇನ್ನೊಂದು ಮುದ್ದೆ ಹಾಕಿಕೊಂಡ.

ದೀಪಾವಳಿ ಹೊತ್ತಿಗೆ ಸಹನಾ ಮತ್ತೆ ಬಂದಾಗ ಬಾಗಿಲಿಗೆ ಬೀಗ. ಹುಡುಕುತ್ತಾ ಗುಡ್ಡ ಹತ್ತಿದಳು, ಏದುಸಿರು ಬಿಟ್ಟಳು. ಮೇಲಿಂದ ಬರಗೇರಮ್ಮ ಕೂಗಿದಳು: "ನಿಧಾನ ಬಾರವ್ವ, ಬಂಡೆ ಮ್ಯಾಲೆ ಕುಂತ್ಕ!" ಸಂಜೆ ಮನೆಗೆ ಬಂದು ಕುರ್ಚಿ ಹಾಕಿದರು. ಎದೆ ಮೇಲೆ ಕೈ ಕಟ್ಟಿಕೊಂಡು ಬರಗೇರಮ್ಮ ಎದ್ದಳು, ಕೂತಳು, ಎದ್ದಳು. ಐದು ಮುಗಿದರೂ ನಿಲ್ಲಿಸಲಿಲ್ಲ.

"ಸಾಕು ಅಜ್ಜಿ, ಸಾಕು!" ಸಹನಾ ಚಪ್ಪಾಳೆ ಹೊಡೆದಳು. "ಇವು ಅರವತ್ತೈದರ ಕಾಲು!"

ಮುಂದಿನ ವಾರ ಬರಗೇರಮ್ಮ ಒಬ್ಬಳೇ ಬಸ್ಸು ಹತ್ತಿ ಆದಿವಾಲದ ಅಕ್ಕ ದುರುಗಕ್ಕನ ಮನೆಗೆ ಹೋದಳು. ಎರಡು ವರ್ಷದಿಂದ ಇಬ್ಬರೂ ಫೋನಿನಲ್ಲಷ್ಟೇ ಮಾತಾಡಿದ್ದವರು. ದುರುಗಕ್ಕ ಅಳುತ್ತಲೇ ನಗುತ್ತಾ ತಂಗಿಯ ಕೆನ್ನೆ ಸವರಿದಳು. ನಾಲ್ಕು ದಿನ ಇಬ್ಬರೂ ಬೆಳಗ್ಗೆ ಎದ್ದು ಹೊಲದ ಬದುವಿನ ಮೇಲೆ ಮಾತಾಡುತ್ತಾ ನಡೆದರು. ಕಾಲುವೆ ದಾಟುವಾಗ ಕೈ ಕೊಟ್ಟು ದಾಟಿಸಿದವಳು ತಂಗಿ.